ಉಪಕರಣದಾನ ಮತ್ತು ಕಲ್ಯಾಣನಾಡಿನ ವೈದ್ಯಗ್ರಂಥಗಳು

ಶ್ರಾವಕನ ದಾನಗಳು ನಾಲ್ಕು ಎಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾವು ಅವನ್ನು ಎಣಿಸುತ್ತೇವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂದು ಹೇಳಿ, ಈ ನಾಲ್ಕನ್ನೂ ವೈಯಾವೃತ್ಯದ, ಎಂದರೆ ಸೇವೆಯ, ರೂಪಗಳೆಂದು ನಿರೂಪಿಸಿದ್ದಾರೆ. ನಾವು ಶಾಸ್ತ್ರದಾನವೆನ್ನುವಲ್ಲಿ ಅವರು ಬಳಸಿದ ಶಬ್ದ ಉಪಕರಣ. ಅದಕ್ಕೆ ದೃಷ್ಟಾಂತವಾಗಿ ಅವರು ಹೆಸರಿಸುವುದು ಕೌಂಡೇಶನನ್ನು. ಪೂರ್ವಜನ್ಮದಲ್ಲಿ ಗೋವಳನಾಗಿದ್ದಾಗ ಮರದ ಪೊಟರೆಯಲ್ಲಿ ದೊರೆತ ಶಾಸ್ತ್ರವನ್ನು ಕಾಪಾಡಿ ಮುನಿಗಳಿಗೆ ಒಪ್ಪಿಸಿದವನು ಅವನೆಂದು ಕಥೆ. ಹಾಗಾದರೆ ಗ್ರಂಥವೂ ಪಿಂಛಿ, ಕಮಂಡಲುಗಳಂತೆ ಕೈಗೆ ಒದಗಬೇಕಾದ ಒಂದು ಉಪಕರಣವೇ ಆಯಿತು.

ಈ ಶಬ್ದವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಇಂದು ನಮ್ಮ ಬಸದಿಗಳ ಟ್ರಸ್ಟುಗಳು ಔಷಧದಾನದ ಹೆಸರಿನಲ್ಲಿ ನೀಡುವುದು ಬರಿಯ ಔಷಧಿಯನ್ನಲ್ಲ. ರಕ್ತದೊತ್ತಡ ಅಳೆಯುವ ಸಾಧನ, ಹೃದಯದ ಗತಿ ತೋರಿಸುವ ಯಂತ್ರ, ರೋಗಿಗಳ ವಿವರ ಬರೆದಿಡುವ ಕಂಪ್ಯೂಟರ್ ಇವೂ ದಾನದ ವಸ್ತುಗಳಾಗಿವೆ. ಫಲಕದ ಮೇಲೆ ದಾನಿಯ ಹೆಸರು ಕೆತ್ತಲಾಗುತ್ತದೆ. ಯಂತ್ರವನ್ನು ಬಳಸಬೇಕಾದ ದಾದಿಯನ್ನು ಮೊದಲೇ ಕರೆದು, ಇದು ನಿನ್ನ ಕೈಗೆ ಒಗ್ಗುವುದೇ ತಾಯಿ ಎಂದು ಕೇಳಿದ ಉದಾಹರಣೆಗಳು ವಿರಳ. ವೈದ್ಯನ ಕೈಗೆ ಒದಗುವಂತೆ ಜ್ಞಾನವನ್ನು ರೂಪಿಸುವುದು ಹೇಗೆಂಬ ವಿಚಾರ ಹೊಸದಲ್ಲ. ಕನ್ನಡ ನಾಡಿನ ಜೈನ ವೈದ್ಯಗ್ರಂಥಕಾರರು, ಅದರಲ್ಲಿಯೂ ಕಲ್ಯಾಣದ ಸುತ್ತಲಿನವರು, ಇದನ್ನು ಶತಮಾನಗಳ ಕಾಲ ಎದುರಿಸಿದ್ದಾರೆ.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು 11ನೆಯ ಶತಮಾನದ ನಡುಭಾಗದಲ್ಲಿ, ಒಂದನೆಯ ಸೋಮೇಶ್ವರನ ಕಾಲದಲ್ಲಿ, ಚಾಲುಕ್ಯರ ರಾಜಧಾನಿಯಾಯಿತು. ಅದಕ್ಕೆ ಮುನ್ನ ಆ ಗೌರವ ಮಾನ್ಯಖೇಟಕ್ಕಿತ್ತು. ಇಂದಿನ ಮಳಖೇಡವೇ ಅದು. ಬಸವಕಲ್ಯಾಣದ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಸುತ್ತಲ ಊರುಗಳಿಂದ ತಂದಿರಿಸಿದ ಜಿನಬಿಂಬಗಳನ್ನು ಇಂದಿಗೂ ಕಾಣಬಹುದು. ಹುಮನಾಬಾದಿನ ಸಮೀಪದ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯಿದ್ದಾಳೆ. ಬರವಣಿಗೆಯನ್ನೇ ಶಿಲ್ಪದ ವಿಷಯವಾಗಿಸಿದ ನಾಡು ಇದು.

ಜೈನ ವೈದ್ಯದ ಮೂಲವನ್ನು ಪರಂಪರೆಯು ದೃಷ್ಟಿವಾದದ ಪೂರ್ವಗಳಲ್ಲಿ ಒಂದಾದ ಪ್ರಾಣಾವಾಯದಲ್ಲಿ ಕಾಣುತ್ತದೆ. ನಮಗೆ ದೊರೆತಿರುವ ಗ್ರಂಥಗಳಲ್ಲಿ ಹಿರಿದಾದುದು 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕ. (ಹೆಸರಿನಲ್ಲಿರುವ ಕಲ್ಯಾಣಕ್ಕೂ ಊರಿಗೂ ಸಂಬಂಧವಿಲ್ಲ, ಕೇಳಲು ಹಿತವೆಂದು ಕೆಲವರು ಸಂಬಂಧ ಕಲ್ಪಿಸುವುದುಂಟು.) ಗ್ರಂಥದ ಆರಂಭದಲ್ಲಿ ಉಗ್ರಾದಿತ್ಯರು ತಮಗಿಂತ ಹಿಂದಿನ ಆಚಾರ್ಯರನ್ನು ಸ್ಮರಿಸುವ ರೀತಿ ಗಮನಾರ್ಹವಾದುದು. ಶಾಲಾಕ್ಯವನ್ನು ಪೂಜ್ಯಪಾದರು, ಶಲ್ಯತಂತ್ರವನ್ನು ಪಾತ್ರಸ್ವಾಮಿಗಳು, ವಿಷ ಮತ್ತು ಗ್ರಹಚಿಕಿತ್ಸೆಯನ್ನು ಸಿದ್ಧಸೇನರು, ಕಾಯಚಿಕಿತ್ಸೆಯನ್ನು ದಶರಥಗುರುಗಳು, ಬಾಲಚಿಕಿತ್ಸೆಯನ್ನು ಮೇಘನಾದರು ಹೀಗೆ ಒಬ್ಬೊಬ್ಬರು ಒಂದೊಂದು ಅಂಗವನ್ನು ಹೇಳಿದ್ದರು. ಸಮಂತಭದ್ರರು ಎಂಟು ಅಂಗಗಳನ್ನೂ ವಿಸ್ತಾರವಾಗಿ ಹೇಳಿದ್ದರು. ತಾನು ಅದನ್ನು ಸಂಕ್ಷೇಪಿಸುತ್ತೇನೆ ಎಂಬುದು ಅವರ ಮಾತಿನ ಆಶಯ. ಜ್ಞಾನ ಇದ್ದರೂ ಅದು ಚದುರಿತ್ತು. ಒಬ್ಬ ವೈದ್ಯನು ಎಲ್ಲ ಗ್ರಂಥಗಳನ್ನು ಹೊತ್ತು ತಿರುಗಲಾರನು.

ಸಂಕ್ಷೇಪಿಸುವಾಗ ಅವರು ಕ್ರಮವನ್ನೂ ಬದಲಿಸಿದರು. ಚರಕ, ಸುಶ್ರುತರ ಸ್ಥಾನವಿಭಾಗವನ್ನು ಬಿಟ್ಟು ವಾತರೋಗಗಳು, ಪಿತ್ತರೋಗಗಳು, ಕಫರೋಗಗಳು, ಬಳಿಕ ಮಹಾಮಯಗಳು, ಕ್ಷುದ್ರರೋಗಗಳು ಎಂದು ಅಧಿಕಾರಗಳನ್ನು ಜೋಡಿಸಿದರು. ಇದನ್ನು ಬರಿಯ ಪಾಂಡಿತ್ಯದ ವಿಷಯವೆಂದು ತಿಳಿಯಬಾರದು. ರೋಗಿಯ ಮುಂದೆ ಕುಳಿತ ವೈದ್ಯನಿಗೆ ಮೊದಲು ತೋರುವುದು ಯಾವ ದೋಷ ಕೆರಳಿದೆ ಎಂಬುದು; ಅಲ್ಲಿಂದಲೇ ಅವನು ಗ್ರಂಥವನ್ನು ಪ್ರವೇಶಿಸಬಹುದು. ಮದ್ಯಮಾಂಸಗಳನ್ನು ಬಿಟ್ಟು ಚಿಕಿತ್ಸೆ ಸಾಧ್ಯವೆಂಬ ಅವರ ನಿಲುವು, ನೃಪತುಂಗನ ಸಭೆಯಲ್ಲಿ ಮಾಂಸದ ನಿರರ್ಥಕತೆಯನ್ನು ಪ್ರತಿಪಾದಿಸಿದ ಹಿತಾಹಿತಾಧ್ಯಾಯ, ಇವೆಲ್ಲ ನಮ್ಮ ಓದುಗರಿಗೆ ಪರಿಚಿತವೇ. ಆದರೆ ನಿಷೇಧಕ್ಕಿಂತ ಕಠಿನವಾದುದು ನಿಷೇಧದ ನಂತರದ ಕೆಲಸ. ಒಂದು ದ್ರವ್ಯವನ್ನು ಬೇಡವೆಂದವನು ಅದರ ಸ್ಥಾನದಲ್ಲಿ ಏನೆಂಬುದನ್ನು ಹೇಳದಿದ್ದರೆ ವೈದ್ಯನು ರೋಗಿಯ ಮಗ್ಗುಲಲ್ಲಿ ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಇಂಥ ಗ್ರಂಥ ಅಚ್ಚಾದದ್ದು 1940ರಲ್ಲಿ, ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ, ಸೊಲ್ಲಾಪುರದಿಂದ. ಹುಮನಾಬಾದಿನ ಮೇಲೆ ಹೋಗುವ ಹೆದ್ದಾರಿಯಲ್ಲಿಯೇ ಮುಂದೆ ಸಿಗುವ ಊರು ಅದು.

ಕಲ್ಯಾಣದ ಅರಮನೆಗೆ ನೇರವಾಗಿ ಸೇರಿದ ಗ್ರಂಥವೆಂದರೆ ಕೀರ್ತಿವರ್ಮನ ಗೋವೈದ್ಯ. ಇವನು ಚಾಲುಕ್ಯ ರಾಜಪುತ್ರ, ತ್ರೈಲೋಕ್ಯಮಲ್ಲ ಸೋಮೇಶ್ವರನ ಮಗ, ಆರನೆಯ ವಿಕ್ರಮಾದಿತ್ಯನ ತಮ್ಮ. ದೇವಚಂದ್ರ ಮುನಿಗಳ ಶಿಷ್ಯ. ಗ್ರಂಥದ ಕಾಲ ಸುಮಾರು 1125. ಸಾಮ್ರಾಜ್ಯದ ಪ್ರಭಾವ ಉನ್ನತವಾಗಿದ್ದ ದಿನಗಳಲ್ಲಿ ರಾಜಕುಮಾರನೊಬ್ಬನು ದನಗಳ ರೋಗದ ಮೇಲೆ, ಅದೂ ಕನ್ನಡದಲ್ಲಿ, ಪುಸ್ತಕ ಬರೆದನು. ಬಿಲ್ಹಣನಂಥ ಕವಿಗಳು ಸಂಸ್ಕೃತದಲ್ಲಿ ಅಣ್ಣನ ಕೀರ್ತಿಯನ್ನು ಹಾಡುತ್ತಿದ್ದ ಆಸ್ಥಾನದಲ್ಲಿ ಸಂಸ್ಕೃತ ಅವನಿಗೆ ಎಟುಕದ ಭಾಷೆಯಾಗಿತ್ತೆಂದು ಭಾವಿಸಲು ಕಾರಣವಿಲ್ಲ. ಕೊಟ್ಟಿಗೆಯಲ್ಲಿ ನಿಂತು ಓದಿ ಹೇಳುವವರೂ ಕೇಳಿ ಮಾಡುವವರೂ ಕನ್ನಡದವರೆಂಬುದನ್ನು ಅವನು ಗಣಿಸಿರಬೇಕೆಂದು ನನ್ನ ಅಭಿಪ್ರಾಯ. ಔಷಧದೊಂದಿಗೆ ಮಂತ್ರವೂ ಅವನ ಗ್ರಂಥದಲ್ಲಿ ಬೆರೆತಿದೆ. ಇಂದಿನ ಪಶುವೈದ್ಯರು ಅದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಮಾತಾಡಲಾರದ ಪ್ರಾಣಿಯ ನೋವನ್ನು ಬರಹಕ್ಕೆ ಇಳಿಸಲು ಹೊರಟ ದಯೆಯನ್ನು ಮಾತ್ರ ಯಾರೂ ಅಲ್ಲಗಳೆಯರು. ದೇವಣಿ ತಳಿಯ ರಾಸುಗಳಿಗೆ ಹೆಸರಾದ ಈ ಸೀಮೆಯಲ್ಲಿಯೇ, ಬೀದರಿನಲ್ಲಿ, 2004ರ ಕಾಯಿದೆಯಂತೆ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು ಒಂದು ಸುಂದರ ಯೋಗ. ಇಂದು ದನದ ಕಿವಿಗೆ 12 ಅಂಕಿಗಳ ಹಳದಿ ಬಿಲ್ಲೆ ತೊಡಿಸಿ ಲಸಿಕೆಯ ಲೆಕ್ಕ ಇಡಲಾಗುತ್ತಿದೆ.

ಕೀರ್ತಿವರ್ಮನ ಅಣ್ಣನ ಮಗ ಮೂರನೆಯ ಸೋಮೇಶ್ವರನು 1129ರಲ್ಲಿ ಮಾನಸೋಲ್ಲಾಸವನ್ನು ರಚಿಸಿದನು. 5 ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯಗಳು, ಒಟ್ಟು 100. ಬೇಟೆ, ಮಾಂಸದಡಿಗೆಗಳ ವಿವರವೂ ಅದರಲ್ಲಿರುವುದರಿಂದ ನಮ್ಮ ಮನೆಗಳಲ್ಲಿ ಓದುವ ಪುಸ್ತಕವಲ್ಲ. ಆದರೆ ಬೇಕಾದ ವಿಷಯ ಎಲ್ಲಿದೆಯೆಂದು ಹುಡುಕಲು ಇಷ್ಟು ಅನುಕೂಲವಾದ ವಿನ್ಯಾಸ ಆ ಕಾಲದಲ್ಲಿ ಅಪರೂಪ.

ಇದರ ತರುವಾಯ ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಕರ್ಣಾಟಕ ಕಲ್ಯಾಣಕಾರಕವೆಂದು ಪ್ರಸಿದ್ಧವಾದ ಈ ಗ್ರಂಥದ ಚಿಕಿತ್ಸೆಯಲ್ಲಿ ಮದ್ಯಮಾಂಸಗಳಿಗೆ ಎಡೆಯಿಲ್ಲ. ಅಮೃತನಂದಿಯು ಅಕಾರಾದಿ ವೈದ್ಯನಿಘಂಟನ್ನು ರಚಿಸಿದನು. ಅಕಾರಾದಿ ಎಂಬ ಮಾತನ್ನು ನಾವು ಸುಮ್ಮನೆ ಓದಿ ಮುಂದೆ ಹೋಗುತ್ತೇವೆ. ನಿಘಂಟುಗಳನ್ನು ವರ್ಗವಾರಿಯಾಗಿ, ಪದ್ಯದಲ್ಲಿ, ಬಾಯಿಪಾಠಕ್ಕೆಂದು ರಚಿಸುತ್ತಿದ್ದ ಪರಂಪರೆಯಲ್ಲಿ ಮೂಲಿಕೆಯ ಹೆಸರನ್ನು ಮೊದಲ ಅಕ್ಷರದಿಂದ ಹುಡುಕಬಹುದಾದ ಪುಸ್ತಕವು, ಎಲ್ಲವನ್ನೂ ಬಾಯಿಪಾಠ ಮಾಡದ ವೈದ್ಯನೂ ಇದ್ದಾನೆ, ಅವನಿಗೂ ರೋಗಿಗಳಿದ್ದಾರೆ ಎಂಬುದನ್ನು ಒಪ್ಪಿಕೊಂಡಿತು. ಸುಮಾರು 1360ರಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ಬರೆದನು. ವಿಷವೈದ್ಯಕ್ಕೇ ಮೀಸಲಾದ ಗ್ರಂಥ ಅದು. ಹಾವು ಕಡಿದವನ ಬಳಿ ಕುಳಿತವನಿಗೆ ಸಮಗ್ರ ಆಯುರ್ವೇದವನ್ನು ಮಗುಚಿ ನೋಡಲು ವ್ಯವಧಾನವೆಲ್ಲಿ? ಇನ್ನು ಸುಮಾರು 1550ರ ಸಾಳ್ವನು ವೈದ್ಯವನ್ನು ಸಾಂಗತ್ಯದಲ್ಲಿಯೇ ಹೇಳಿದನು. ಹಾಡಿಕೊಳ್ಳಲು ಬರುವ ಛಂದಸ್ಸು ಅದು.

ಇಲ್ಲಿ ಛಂದಸ್ಸಿನ ವಿಚಾರವನ್ನು ತುಸು ನಿಂತು ನೋಡಬೇಕು. ಹಳಗನ್ನಡದ ಶಾಸ್ತ್ರಗ್ರಂಥಗಳಲ್ಲಿ ಕಂದಪದ್ಯಕ್ಕೆ ದೊಡ್ಡ ಸ್ಥಾನವಿದೆ. ಅದರ ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳು. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರಕ್ಕೆ ಪ್ರಾಸ. ಇದು ನೆನಪಿಗೆ ಸಹಾಯಕ ಎಂದಷ್ಟೇ ಸಾಮಾನ್ಯವಾಗಿ ಹೇಳುತ್ತಾರೆ. ಅದು ಕಾವಲೂ ಹೌದು. ಲಿಪಿಕಾರನು ಒಂದು ಶಬ್ದವನ್ನು ಬಿಟ್ಟರೆ ಮಾತ್ರೆ ತಪ್ಪುತ್ತದೆ. ಮೂಲಿಕೆಯ ಹೆಸರನ್ನು ಬದಲಿಸಿದರೆ ಹಲವೊಮ್ಮೆ ಪ್ರಾಸ ಕೆಡುತ್ತದೆ. ಓದುವವನ ಕಿವಿ ಕೂಡಲೇ ಎಚ್ಚರಗೊಳ್ಳುತ್ತದೆ. ಪದಗಳ ನಡುವೆ ತೆರಪಿಲ್ಲದೆ ಬರೆದ ಓಲೆಗರಿಯಲ್ಲಿ ಇಂಥ ಕಾವಲಿನ ಬೆಲೆ ಎಷ್ಟೆಂಬುದನ್ನು ಹಸ್ತಪ್ರತಿ ಓದಿದವರು ಬಲ್ಲರು.

ಆದರೆ ಈ ಕಾವಲಿಗೆ ಒಂದು ಕಂಡಿ ಇದೆ, ಮತ್ತು ಅದು ಇರಬಾರದ ಕಡೆಯಲ್ಲಿಯೇ ಇದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು ಈ ಎಂಟು ಶಬ್ದಗಳನ್ನೂ ಮಾತ್ರೆ ಹಾಕಿ ನೋಡಿರಿ. ಎಲ್ಲಕ್ಕೂ ಮೂರೇ ಮಾತ್ರೆ. ಹತ್ತಕ್ಕೂ ಮೂರು. ಒಂಬತ್ತು ಮಾತ್ರ ಗುಂಪಿನಿಂದ ಹೊರಗೆ. ಔಷಧದ ಪ್ರಮಾಣವನ್ನು ಹೇಳುವ ಕಡೆ ಎರಡರ ಬದಲು ಏಳು ಎಂದು ಬರೆದರೆ, ಅದು ಪ್ರಾಸಸ್ಥಾನದಲ್ಲಿ ಇಲ್ಲದಿದ್ದ ಪಕ್ಷದಲ್ಲಿ, ಪದ್ಯವು ಸ್ವಲ್ಪವೂ ಕುಂಟುವುದಿಲ್ಲ. ಕಿವಿ ಮೋಸಹೋಗುತ್ತದೆ. ಅಂಕಿಯಲ್ಲಿ ಬರೆದರೂ ಕನ್ನಡದ ೬ ಮತ್ತು ೯ ಅವಸರದ ಬರಹದಲ್ಲಿ ಒಂದನ್ನೊಂದು ಹೋಲುತ್ತವೆ. ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು ಸಂಖ್ಯೆಗಳಿಗೆ ವಸ್ತುಗಳ ಹೆಸರುಗಳನ್ನೇ ಬಳಸುವ ಕ್ರಮವನ್ನು ಅನುಸರಿಸಿದ್ದು ಪದ್ಯದ ಅನುಕೂಲಕ್ಕಾಗಿ ಇರಬಹುದು. ಅದರಿಂದ ಒಂದು ಸಂಖ್ಯೆ ಇನ್ನೊಂದರಂತೆ ಕಾಣುವ ಅಪಾಯ ಕಡಿಮೆಯಾಗುವುದಂತೂ ನಿಜ. ವಿಷದ್ರವ್ಯಗಳನ್ನೂ ಔಷಧವಾಗಿ ಬಳಸುವ ಶಾಸ್ತ್ರದಲ್ಲಿ ಹೆಸರು ತಪ್ಪಿದರೆ ಆಗುವಷ್ಟೇ ಅನರ್ಥ ಸಂಖ್ಯೆ ತಪ್ಪಿದರೂ ಆಗುತ್ತದೆ.

ಇದು ಓಲೆಗರಿಯೊಂದಿಗೆ ಮುಗಿದ ಕಥೆಯಲ್ಲ. ಸಕ್ಕರೆಕಾಯಿಲೆಯವರಿರುವ ಮನೆಗಳಲ್ಲಿ ಇನ್ಸುಲಿನ್ ಪರಿಚಿತ. ನಮ್ಮ ದೇಶದಲ್ಲಿ ಅದು ಎರಡು ತೀಕ್ಷ್ಣತೆಗಳಲ್ಲಿ ಬಳಕೆಯಲ್ಲಿದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಅವುಗಳ ಸಿರಿಂಜುಗಳೂ ಬೇರೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಮಂದ ಬೆಳಕಿನಲ್ಲಿ ಕೆಂಪಿಗೂ ಕಿತ್ತಳೆಗೂ ಎಷ್ಟು ಅಂತರ? 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ಎರಡೂವರೆ ಪಟ್ಟು. ತಿರುಗಿಸಿ ಮಾಡಿದರೆ ಅರ್ಧಕ್ಕಿಂತ ಕಡಿಮೆ. ಇನ್ನೊಂದು ತೊಡಕು ಬರವಣಿಗೆಯದು. ಯೂನಿಟ್ ಎನ್ನುವುದಕ್ಕೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಅಂಕಿಯ ಪಕ್ಕದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. ಆದುದರಿಂದಲೇ ಆ ಶಬ್ದವನ್ನು ಪೂರ್ತಿಯಾಗಿ ಬರೆಯಬೇಕೆಂದು ವೈದ್ಯರಿಗೆ ಸೂಚಿಸಲಾಗುತ್ತದೆ.

ಹೊರದೇಶದ ಒಂದು ಪ್ರಸಂಗ ವೈದ್ಯಯಂತ್ರಗಳ ಇತಿಹಾಸದಲ್ಲಿ ಬಹಳ ಚರ್ಚಿತವಾಗಿದೆ. ಥೆರಾಕ್-25 ಎಂಬುದು ಅರ್ಬುದರೋಗಕ್ಕೆ ವಿಕಿರಣ ನೀಡುವ, ಕಂಪ್ಯೂಟರಿನಿಂದ ನಡೆಯುವ ಯಂತ್ರ. 1985ರಿಂದ 1987ರ ವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಕನಿಷ್ಠ 6 ಜನರಿಗೆ ಅದು ವಿಧಿಸಿದುದಕ್ಕಿಂತ ಅತ್ಯಧಿಕ ವಿಕಿರಣವನ್ನು ಹಾಯಿಸಿತು. ಕೆಲವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಟೆಕ್ಸಾಸಿನಲ್ಲಿ ನಡೆದ ಅವಘಡದಲ್ಲಿ ಯಂತ್ರ ನಡೆಸುವವರಿಗೆ ಪರದೆಯ ಮೇಲೆ ಕಂಡದ್ದು ದೋಷವೆಂಬ ಮಾತು, ಅದರ ಮುಂದೆ 54 ಎಂಬ ಸಂಖ್ಯೆ. ಅದರ ಅರ್ಥ ರೋಗಿಗೆ ಅಪಾಯವಾಗಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಸಣ್ಣಪುಟ್ಟ ಕಾರಣಕ್ಕೆ ಯಂತ್ರ ದಿನವೂ ನಿಲ್ಲುತ್ತಿತ್ತು. ಒಂದು ಗುಂಡಿ ಒತ್ತಿದರೆ ಮುಂದುವರಿಯುತ್ತಿತ್ತು. ಅವರು ಅಭ್ಯಾಸದಂತೆ ಒತ್ತಿದರು.

ಇಲ್ಲಿ ಪ್ರಮಾದ ಯಾರದು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳದೆ ಪ್ರಮಾದದ ಯೋಗವನ್ನು ಅದರೊಂದಿಗೆ ಕೂಡಿಸಿದ್ದಾರೆ. ಮುನಿಗಳ ಪಂಚಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು: ಉಪಕರಣವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಜೀವಿಗಳಿಗೆ ಬಾಧೆಯಾಗದಂತೆ ನಡೆಯುವುದು. ಈ ಎಚ್ಚರ ಬಳಸುವವನದು ಎಂದು ನಾವು ತಿಳಿದಿದ್ದೇವೆ. ಹನ್ನೆರಡು ಗಂಟೆ ನಿಂತು ದಣಿದ ದಾದಿಯು ಎರಡು ಒಂದೇ ಬಗೆಯ ಸೀಸೆಗಳಲ್ಲಿ ತಪ್ಪಾದುದನ್ನು ಎತ್ತಿಕೊಂಡಾಗ ನಾವು ಹಿಡಿಯುವುದು ಅವಳ ಕೈಯನ್ನು. ಆದರೆ ನೋಡಿದರೂ ಭೇದ ತಿಳಿಯದಂತೆ ಆ ಸೀಸೆಗಳನ್ನು ಮಾಡಿದವನು ತನ್ನ ಮೇಜಿನ ಮುಂದೆ ನೆಮ್ಮದಿಯಾಗಿ ಕುಳಿತು, ಯೋಚಿಸಲು ಬೇಕಾದಷ್ಟು ಸಮಯವಿದ್ದೂ, ಯೋಚಿಸಲಿಲ್ಲ. ಪ್ರಮಾದವೆಂದರೆ ಎಚ್ಚರವಿರಬಹುದಾದಲ್ಲಿ ಎಚ್ಚರವಿಲ್ಲದಿರುವುದು. ಆ ಅರ್ಥದಲ್ಲಿ ಅವನ ಪಾಲು ದಾದಿಯದಕ್ಕಿಂತ ಹಿರಿದು. ಕೊಂಡು ದಾನಮಾಡಿದವರ ಪಾಲನ್ನೂ ಕೇಳಲೇಬೇಕಾಗುತ್ತದೆ.

ಬಸವಕಲ್ಯಾಣ, ಹುಮನಾಬಾದುಗಳಲ್ಲಿ ಈ ಪ್ರಶ್ನೆಗೆ ಭಾಷೆಯ ಮುಖವೂ ಇದೆ. 1948ರ ವರೆಗೆ ಈ ಊರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯೆಯನ್ನೂ ಉರ್ದುವಿನಲ್ಲಿಯೇ ಬೋಧಿಸಲಾಗುತ್ತಿತ್ತು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ವೈದ್ಯವನ್ನು ಕಲಿಸಿದ ಆ ಸಾಹಸವನ್ನು ಮೆಚ್ಚಬೇಕು. ಕನ್ನಡ, ಮರಾಠಿ, ತೆಲುಗು ಮನೆಮಾತಿನ ರೋಗಿಗೆ ಅದರಿಂದ ದೂರವೇನೂ ಕಡಿಮೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಇಂದು ದವಾಖಾನೆಯ ಕೇಸ್ ಪೇಪರ್ ಇಂಗ್ಲಿಷಿನಲ್ಲಿ. ರೋಗಿ ತನ್ನ ಬಾಧೆಯನ್ನು ಹೇಳುವುದು ಕನ್ನಡದಲ್ಲೋ ಮರಾಠಿಯಲ್ಲೋ ದಖನಿಯಲ್ಲೋ. ನಡುವೆ ನಿಂತು ಎರಡು ಕಡೆಗೂ ಅರ್ಥಮಾಡಿಸುವವಳು ದಾದಿ ಅಥವಾ ಆಶಾ ಕಾರ್ಯಕರ್ತೆ. 2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಂತೆ ಒಬ್ಬೊಬ್ಬರಿಗೆ 14 ಅಂಕಿಗಳ ಆರೋಗ್ಯಸಂಖ್ಯೆ ಕೊಡಲಾಗುತ್ತಿದೆ. ಅದನ್ನು ತಪ್ಪಿಲ್ಲದೆ ತುಂಬುವ ಕೆಲಸವೂ ಬಹುಮಟ್ಟಿಗೆ ಇಂಥ ಕೈಗಳದೇ.

ಒಳ್ಳೆಯ ಉಪಕರಣವೆಂದರೆ ದುಬಾರಿಯದೇ ಆಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪಟ್ಟಿಯೊಂದನ್ನು ಹೊರತಂದಿತು. ಒಂದೇ ಹಾಳೆ. ರೋಗಿ ಇವನೇ ಹೌದೇ, ಯಾವ ಮಗ್ಗುಲಿಗೆ ಶಸ್ತ್ರ, ಒಗ್ಗದ ಔಷಧವೇನಾದರೂ ಇದೆಯೇ ಎಂಬಂಥ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ ಉತ್ತರ ಪಡೆಯುವ ಕ್ರಮ. ಹೊಸದಿಲ್ಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಮರಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಗೋಡೆಗೆ ಅಂಟಿಸಿ ಮರೆತಲ್ಲಿ ಇಂಥ ಫಲ ದೊರೆಯದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಟ್ರಸ್ಟುಗಳು ಈ ದಿಕ್ಕಿನಲ್ಲಿ ಮಾಡಬಹುದಾದುದು ಬಹಳ. ಯಂತ್ರ ಕೊಳ್ಳುವ ಮೊದಲು ಅದನ್ನು ಬಳಸುವ ದಾದಿ, ತಂತ್ರಜ್ಞರ ಕೈಯಲ್ಲಿ ಒಂದು ವಾರ ಇಟ್ಟು ನೋಡುವುದು; ಅದರ ಕಾಗದ, ಬ್ಯಾಟರಿ, ದುರಸ್ತಿಗಳ ಹಣವನ್ನೂ ದಾನದಲ್ಲಿಯೇ ಸೇರಿಸುವುದು; ಸೂಚನೆಗಳನ್ನು ಕನ್ನಡ, ಮರಾಠಿ, ಉರ್ದುಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿಸಿ ಯಂತ್ರದ ಮೈಮೇಲೆಯೇ ಅಂಟಿಸುವುದು; ಶಿಬಿರಗಳಲ್ಲಿ ಕೊಡುವ ಔಷಧಚೀಟಿಯಲ್ಲಿ ಪ್ರಮಾಣವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಸುವುದು. ಬ್ಯಾಂಕಿನ ಚೆಕ್ಕಿಗೆ ನಾವು ಅಷ್ಟು ಎಚ್ಚರ ವಹಿಸುತ್ತೇವಷ್ಟೆ. ಫಲಕಕ್ಕೆ ಎರಡು ಸಾಲು ಕಡಿಮೆಯಾದರೆ ಈ ಸೂಚನೆಗಳಿಗೆ ಸ್ಥಳ ದೊರೆಯುತ್ತದೆ.

ಚಾಲುಕ್ಯ ತೈಲಪನ ಕಾಲದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಓಲೆಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ದಿನಗಳು, ಎಷ್ಟು ಬಾರಿ ತಿದ್ದಿ ಓದಿಸಿರಬೇಕೆಂಬುದನ್ನು ಊಹಿಸಬಹುದು. ವೈದ್ಯಗ್ರಂಥಗಳಿಗೆ ಅಂಥ ಅತ್ತಿಮಬ್ಬೆ ದೊರೆಯಲಿಲ್ಲ. ಪೂಜ್ಯಪಾದರ ಮೂಲ ಕಲ್ಯಾಣಕಾರಕ ನಮ್ಮ ಕೈಗೆ ಬಂದಿಲ್ಲ. ಉಗ್ರಾದಿತ್ಯರು ಸ್ಮರಿಸಿದ ಸಿದ್ಧಸೇನ, ದಶರಥಗುರು, ಮೇಘನಾದರ ವೈದ್ಯಗ್ರಂಥಗಳೂ ಬಂದಿಲ್ಲ. ಬಸದಿಗಳ ಭಂಡಾರಗಳಲ್ಲಿ, ಹಳೆಯ ಮನೆಗಳ ಅಟ್ಟದಲ್ಲಿ, ಹೆಸರಿಲ್ಲದ ವೈದ್ಯದ ಓಲೆಕಟ್ಟುಗಳು ಇನ್ನೂ ಇರಬಹುದು. ಅಂಥವು ಕಂಡಾಗ ಒರೆಸಿ ಪೂಜೆಗಿಡುವ ಮುನ್ನ ಒಂದೊಂದು ಗರಿಯ ಛಾಯಾಚಿತ್ರ ತೆಗೆಸಿ, ಓದಬಲ್ಲವರಿಗೆ ಕಳುಹಿಸುವುದು ಕೌಂಡೇಶನು ಮಾಡಿದ ಕೆಲಸಕ್ಕೆ ಸಮೀಪವಾದುದು.